ಒಂದೇ ಸ್ಕೋರು, ಹಲವು ರೆಕಾರ್ಡಿಂಗು: ಬ್ರಾಮ್ಸ್‌ನ ಸಿಂಫನಿಗಳನ್ನು ಕೇಳೋದು ಹೇಗೆ?

ಫೋನಿನಲ್ಲಿರುವ ಯಾವುದೇ ಮ್ಯೂಸಿಕ್ ಆಪ್ ತೆಗೆದು ‘ಬ್ರಾಮ್ಸ್ ಸಿಂಫನಿ ನಂಬರ್ 4’ ಅಂತ ಹುಡುಕಿ ನೋಡಿ. ಬೆರಳಲ್ಲಿ ಎಷ್ಟು ತಳ್ಳಿದರೂ ಪಟ್ಟಿ ಮುಗಿಯೋದಿಲ್ಲ. ಕೃತಿ ಒಂದೇ, ಬರೆದವನೂ ಒಬ್ಬನೇ. ಆದರೆ ಮುಖಪುಟದ ಹೆಸರುಗಳು ಬೇರೆ, ಊರುಗಳು ಬೇರೆ, ವರ್ಷಗಳು ಬೇರೆ. ಹಾಡಿನ ಪಕ್ಕದಲ್ಲಿರುವ ನಿಮಿಷ-ಸೆಕೆಂಡುಗಳು ಕೂಡ ಒಂದರಂತೆ ಇನ್ನೊಂದಿಲ್ಲ. ಸಿನಿಮಾ ಹಾಡಾಗಿದ್ದರೆ ಇದರಲ್ಲಿ ಒಂದು ಒರಿಜಿನಲ್, ಉಳಿದದ್ದೆಲ್ಲ ಕವರ್ ವರ್ಷನ್ ಅಂದುಬಿಡಬಹುದಿತ್ತು. ಇಲ್ಲಿ ಆ ಮಾತು ನಡೆಯೋದಿಲ್ಲ, ಯಾಕೆಂದರೆ ಇದರಲ್ಲಿ ಒರಿಜಿನಲ್ ಅನ್ನೋ ರೆಕಾರ್ಡಿಂಗೇ ಇಲ್ಲ.

ಹಾಗಾದರೆ ಯಾವುದನ್ನು ಕೇಳಬೇಕು? ಹೆಚ್ಚಿನವರು ‘ಬೆಸ್ಟ್ ಯಾವುದು’ ಅಂತ ಹುಡುಕಿ, ಯಾರೋ ವಿಮರ್ಶಕರು ಕೊಟ್ಟ ಪಟ್ಟಿಯಲ್ಲಿ ಮೊದಲನೆಯದನ್ನು ಒತ್ತಿ, ಅಲ್ಲಿಗೆ ನಿಲ್ಲಿಸುತ್ತಾರೆ. ಅದರಿಂದ ಒಂದು ನಷ್ಟ ಇದೆ. ಒಂದೇ ರೆಕಾರ್ಡಿಂಗ್ ಕೇಳಿದವರಿಗೆ ಬ್ರಾಮ್ಸ್ ಬರೆದದ್ದು ಎಲ್ಲಿ ಮುಗಿಯಿತು, ನುಡಿಸಿದವರ ತೀರ್ಮಾನ ಎಲ್ಲಿ ಶುರುವಾಯಿತು ಅನ್ನೋದು ಗೊತ್ತಾಗೋದೇ ಇಲ್ಲ. ಎರಡನ್ನೂ ಬಿಡಿಸಿ ನೋಡೋಕೆ ಕನಿಷ್ಠ ಎರಡು ರೆಕಾರ್ಡಿಂಗ್ ಬೇಕು. ಲ್ಯಾಬ್‌ನಲ್ಲಿ ಒಂದೇ ರೀಡಿಂಗ್ ತೆಗೆದುಕೊಂಡು ಗ್ರಾಫ್ ಎಳೆಯೋಕೆ ಆಗೋದಿಲ್ಲವಲ್ಲ, ಹಾಗೆ. ಈ ಲೇಖನದಲ್ಲಿ ಬ್ರಾಮ್ಸ್‌ನ ನಾಲ್ಕು ಸಿಂಫನಿಗಳನ್ನು ಮುಂದಿಟ್ಟುಕೊಂಡು ಆ ಬಿಡಿಸುವ ಕೆಲಸವನ್ನು ಕಲಿಯೋಣ. ಸಂಗೀತದ ಪರಿಚಯ ಬೇಕಿಲ್ಲ. ಒಂದು ಜೊತೆ ಇಯರ್‌ಫೋನ್, ಒಂದು ಸ್ಟಾಪ್‌ವಾಚ್ ಸಾಕು.

ಮೊದಲು ಸ್ವಲ್ಪ ಪರಿಚಯ

ಯೊಹಾನ್ನೆಸ್ ಬ್ರಾಮ್ಸ್ ಹುಟ್ಟಿದ್ದು 1833ರಲ್ಲಿ, ಜರ್ಮನಿಯ ಹ್ಯಾಂಬರ್ಗ್‌ನಲ್ಲಿ. ತೀರಿಕೊಂಡದ್ದು 1897ರಲ್ಲಿ, ವಿಯೆನ್ನಾದಲ್ಲಿ. ಪಾಶ್ಚಾತ್ಯ ಸಂಗೀತದಲ್ಲಿ ರೊಮ್ಯಾಂಟಿಕ್ ಯುಗ ಅಂತ ಕರೆಯುವ ಕಾಲದವನು. ಬೀಥೋವನ್ ಒಂಬತ್ತು ಸಿಂಫನಿ ಬರೆದು ಹೋದ ಮೇಲೆ ಸಿಂಫನಿ ಬರೆಯೋದು ಅಂದರೆ ದೊಡ್ಡ ಮನೆಯ ಮುಂದೆ ಗುಡಿಸಲು ಕಟ್ಟಿದಂತೆ ಅನ್ನೋ ಭಯ ಆ ಕಾಲದವರಲ್ಲಿತ್ತು. ಬ್ರಾಮ್ಸ್ ತನ್ನ ಮೊದಲ ಸಿಂಫನಿಯ ಮೊದಲ ಭಾಗದ ಕರಡನ್ನು 1862ರಲ್ಲೇ ಸ್ನೇಹಿತರಿಗೆ ತೋರಿಸಿದ್ದ. ಪೂರ್ತಿ ಕೃತಿ ಹೊರಬಂದದ್ದು 1876ರಲ್ಲಿ. ಆಗ ಅವನಿಗೆ 43 ವರ್ಷ.

ಆ ಕಟ್ಟು ಒಡೆದ ಮೇಲೆ ಉಳಿದವು ಬೇಗ ಬಂದವು. ಮೊದಲನೆಯದು 1876ರ ನವೆಂಬರ್ 4ರಂದು ಕಾರ್ಲ್ಸ್‌ರೂಹೆ ಊರಿನಲ್ಲಿ, ಆಟೋ ಡೆಸಾಫ್ ನೇತೃತ್ವದಲ್ಲಿ. ಎರಡನೆಯದು 1877ರ ಡಿಸೆಂಬರ್ 30ರಂದು, ಮೂರನೆಯದು 1883ರ ಡಿಸೆಂಬರ್ 2ರಂದು. ಇವೆರಡೂ ವಿಯೆನ್ನಾದಲ್ಲಿ, ಹಾನ್ಸ್ ರಿಕ್ಟರ್ ನೇತೃತ್ವದಲ್ಲಿ. ನಾಲ್ಕನೆಯದು 1885ರ ಅಕ್ಟೋಬರ್ 25ರಂದು ಮೈನಿಂಗನ್ ಎಂಬ ಪುಟ್ಟ ಊರಿನಲ್ಲಿ, ಬ್ರಾಮ್ಸ್‌ನ ಸ್ವಂತ ನೇತೃತ್ವದಲ್ಲಿ. ಒಂದೊಂದರಲ್ಲೂ ನಾಲ್ಕು ಭಾಗಗಳು. ನಾಲ್ಕೂ ಸೇರಿದರೆ ಮೂರು ಗಂಟೆಗೂ ಕಡಿಮೆ.

ಎರಡು ಪದಗಳ ಬಗ್ಗೆ ಒಂದು ಮಾತು. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣೇಶನ ಹಬ್ಬದಲ್ಲಿ ಸಿನಿಮಾ ಹಾಡು ಹಾಡುವ ತಂಡ. ಇಲ್ಲಿ ಆರ್ಕೆಸ್ಟ್ರಾ ಅಂದರೆ ಪಿಟೀಲು ಕುಟುಂಬದ ವಾದ್ಯಗಳು, ಊದುವ ವಾದ್ಯಗಳು, ಟಿಂಪನಿ ಎಂಬ ದೊಡ್ಡ ಡೋಲುಗಳು ಸೇರಿದ ವಾದ್ಯವೃಂದ. ಕಂಡಕ್ಟರ್ ಅಂದರೆ ಟಿಕೆಟ್ ಕೊಡುವವರಲ್ಲ, ಒಂದೇ ಒಂದು ಸ್ವರವನ್ನೂ ನುಡಿಸದೆ ಎಲ್ಲರ ಎದುರು ನಿಂತು, ಎಲ್ಲರ ನುಡಿಸಾಣಿಕೆಗೂ ಜವಾಬ್ದಾರರಾಗುವವರು.

ಸ್ಕೋರಿನಲ್ಲಿ ಏನಿದೆ, ಏನಿಲ್ಲ?

ಸ್ಕೋರ್ ಅಂದರೆ ಎಲ್ಲ ವಾದ್ಯಗಳ ಸ್ವರಗಳನ್ನೂ ಒಂದರ ಕೆಳಗೊಂದು ಬರೆದ ಪೂರ್ಣ ಬರಹ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಡ್ರಾಯಿಂಗ್ ಶೀಟ್. ಯಾವ ವಾದ್ಯ ಯಾವ ಸ್ವರವನ್ನು ಎಷ್ಟು ಮಾತ್ರೆ ಹಿಡಿಯಬೇಕು ಅನ್ನೋದು ಅದರಲ್ಲಿ ಖಚಿತವಾಗಿದೆ. ಕರ್ನಾಟಕ ಸಂಗೀತದ ವಿದ್ವಾಂಸರು ಕೃತಿಗೆ ತಮ್ಮ ಸಂಗತಿ, ಕಲ್ಪನಾಸ್ವರ ಸೇರಿಸಿದ ಹಾಗೆ ಇಲ್ಲಿ ಸೇರಿಸುವಂತಿಲ್ಲ. ಅದಕ್ಕೇ ‘ಎಲ್ಲ ಸ್ವರವೂ ಬರೆದಿಟ್ಟಾಗಿದೆ, ಇನ್ನು ವ್ಯತ್ಯಾಸ ಎಲ್ಲಿಂದ ಬಂತು’ ಅಂತ ಕೇಳೋದು ಸಹಜ.

ಉತ್ತರ ಬರೆಯದೆ ಬಿಟ್ಟ ಅಳತೆಗಳಲ್ಲಿದೆ. ಮೊದಲನೆಯದು ವೇಗ. ಬ್ರಾಮ್ಸ್ ಈ ನಾಲ್ಕು ಸಿಂಫನಿಗಳಿಗೆ ಮೆಟ್ರೊನೋಮ್ ಸಂಖ್ಯೆ, ಅಂದರೆ ನಿಮಿಷಕ್ಕೆ ಇಷ್ಟು ಬೀಟ್ ಅನ್ನುವ ಲೆಕ್ಕ, ಕೊಡಲೇ ಇಲ್ಲ. ಅಲ್ಲೆಗ್ರೊ, ಅಂದಾಂತೆ ಮುಂತಾದ ಇಟಾಲಿಯನ್ ಪದಗಳಷ್ಟೇ ಇವೆ. ‘ಚುರುಕಾಗಿ’ ಅಂದರೆ ಎಷ್ಟು ಚುರುಕು? ಅದು ಟಾಲರೆನ್ಸ್ ಹಾಕದೆ ಬಿಟ್ಟ ಡೈಮೆನ್ಷನ್. ಮರೆತು ಬಿಟ್ಟದ್ದೂ ಅಲ್ಲ. ಮೆಟ್ರೊನೋಮಿನಿಂದ ಪ್ರಯೋಜನವಿಲ್ಲ, ಅಂಕಿ ಕೊಟ್ಟವರೆಲ್ಲ ಒಂದಲ್ಲ ಒಂದು ದಿನ ಅದನ್ನು ಹಿಂತೆಗೆದುಕೊಂಡಿದ್ದಾರೆ ಎಂಬ ಅರ್ಥದಲ್ಲಿ ಅವನು ಪತ್ರ ಬರೆದಿದ್ದಾನೆ.

ಎರಡನೆಯದು ಬ್ಯಾಲೆನ್ಸ್. ‘ಜೋರಾಗಿ’ ಅನ್ನೋ ಗುರುತು ಕೊಳಲಿಗೂ ಇದೆ, ಟ್ರಂಪೆಟ್‌ಗೂ ಇದೆ. ಇಬ್ಬರೂ ಅಕ್ಷರಶಃ ಪಾಲಿಸಿದರೆ ಕೊಳಲು ಕೇಳಿಸೋದೇ ಇಲ್ಲ. ಯಾರನ್ನು ಎಷ್ಟು ತಗ್ಗಿಸಬೇಕು ಅನ್ನೋದು ಕಂಡಕ್ಟರ್ ಕೆಲಸ. ಮೂರನೆಯದು ಜನಸಂಖ್ಯೆ: ಪಿಟೀಲು ನುಡಿಸುವವರು ಎಷ್ಟು ಮಂದಿ ಅಂತ ಸ್ಕೋರ್ ಹೇಳೋದಿಲ್ಲ. ನಾಲ್ಕನೆಯದು ಕೂರಿಸುವ ಕ್ರಮ: ಎರಡು ಪಿಟೀಲು ಗುಂಪುಗಳು ಒಂದೇ ಕಡೆಯೋ, ಎದುರುಬದುರೋ? ಐದನೆಯದು ಪುನರಾವರ್ತನೆ. ಮೊದಲ ಮೂರು ಸಿಂಫನಿಗಳ ಮೊದಲ ಭಾಗದಲ್ಲಿ ಆರಂಭದ ಖಂಡವನ್ನು ಮತ್ತೊಮ್ಮೆ ನುಡಿಸಿ ಅನ್ನೋ ಗುರುತಿದೆ, ನಾಲ್ಕನೆಯದರಲ್ಲಿ ಇಲ್ಲ. ಹಲವು ಕಂಡಕ್ಟರುಗಳು ಆ ಗುರುತನ್ನು ಬಿಟ್ಟು ಮುಂದೆ ಹೋಗುತ್ತಾರೆ. ಎರಡನೆಯ ಸಿಂಫನಿಯಲ್ಲಿ ಇದೊಂದರಿಂದಲೇ ಸುಮಾರು ಐದು ನಿಮಿಷ ವ್ಯತ್ಯಾಸ ಬರುತ್ತದೆ. ಹಾಗಾಗಿ ಆಪ್‌ನಲ್ಲಿ ಅವಧಿ ನೋಡಿ ‘ಇವರು ಸ್ಲೋ, ಅವರು ಫಾಸ್ಟ್’ ಅಂತ ತೀರ್ಪು ಕೊಡಬೇಡಿ. ಮೊದಲು ಪುನರಾವರ್ತನೆ ಇದೆಯಾ ಅಂತ ನೋಡಿ.

ಪ್ರಯೋಗ ಒಂದು: ಆರ್ಕೆಸ್ಟ್ರಾ ಅದೇ, ಕಂಡಕ್ಟರ್ ಬೇರೆ

ಒಂದು ವೇರಿಯಬಲ್ ಪರೀಕ್ಷಿಸಬೇಕಾದರೆ ಉಳಿದದ್ದನ್ನು ಸ್ಥಿರವಾಗಿಡಬೇಕು. ನಮ್ಮ ಅದೃಷ್ಟಕ್ಕೆ ಇತಿಹಾಸವೇ ಅಂಥ ಒಂದು ಪ್ರಯೋಗ ಮಾಡಿಟ್ಟಿದೆ. ಲಂಡನ್ನಿನ ಫಿಲ್‌ಹಾರ್ಮೋನಿಯಾ ಎಂಬ ಒಂದೇ ಆರ್ಕೆಸ್ಟ್ರಾ 1952ರಿಂದ 1957ರ ಒಳಗೆ ಮೂವರು ದೊಡ್ಡ ಕಂಡಕ್ಟರುಗಳ ಕೈಕೆಳಗೆ ಬ್ರಾಮ್ಸ್ ನುಡಿಸಿತು, ಮೂರೂ ಧ್ವನಿಮುದ್ರಣವಾಗಿ ಉಳಿದಿವೆ.

ಈ ಆರ್ಕೆಸ್ಟ್ರಾದ ಕಥೆಯಲ್ಲಿ ಮೈಸೂರಿನ ಹೆಸರೂ ಇದೆ. ವಾಲ್ಟರ್ ಲೆಗ್ ಎಂಬ ರೆಕಾರ್ಡಿಂಗ್ ನಿರ್ಮಾಪಕ 1945ರಲ್ಲಿ ಫಿಲ್‌ಹಾರ್ಮೋನಿಯಾ ಕಟ್ಟಿದ. ಯುದ್ಧ ಮುಗಿದಿದ್ದ ಲಂಡನ್ನಿನಲ್ಲಿ ಹಣ ಎಲ್ಲಿತ್ತು? ನಮ್ಮ ಮಹಾರಾಜರಾದ ಜಯಚಾಮರಾಜೇಂದ್ರ ಒಡೆಯರು ಕರ್ನಾಟಕ ಸಂಗೀತದಲ್ಲಿ ಶ್ರೀವಿದ್ಯಾ ಅಂಕಿತದ ಕೃತಿಗಳನ್ನು ರಚಿಸಿದವರು ಅಂತ ನಾವೆಲ್ಲ ಕೇಳಿದ್ದೇವೆ. ಅವರು ಪಿಯಾನೋ ಕಲಿತವರು, ಪಾಶ್ಚಾತ್ಯ ಸಂಗೀತದ ರೆಕಾರ್ಡುಗಳ ಭಾರಿ ಸಂಗ್ರಾಹಕರೂ ಹೌದು. 1949ರಲ್ಲಿ ಅವರ ಆಹ್ವಾನದ ಮೇಲೆ ಲೆಗ್ ಮೈಸೂರಿಗೆ ಬಂದ. ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ನೆರವು ಕೊಡಲು ಮಹಾರಾಜರು ಒಪ್ಪಿದರೆಂದು ಲೆಗ್ ಬರೆದುಕೊಂಡಿದ್ದಾನೆ. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಅವರ ನೆರವಿನಿಂದ ರಷ್ಯಾದ ಮೆಟ್‌ನರ್‌ನ ಕೃತಿಗಳು, ಬಲಾಕಿರೆವ್‌ನ ಮೊದಲ ಸಿಂಫನಿ ರೆಕಾರ್ಡ್ ಆದವು. ಕೆಳಗೆ ಹೇಳುವ ಬ್ರಾಮ್ಸ್ ರೆಕಾರ್ಡಿಂಗುಗಳಿಗೆ ಮೈಸೂರು ದುಡ್ಡು ಕೊಟ್ಟಿತು ಅಂತ ಅಲ್ಲ. ಆದರೆ ಆ ಆರ್ಕೆಸ್ಟ್ರಾ ಕಾಲೂರಿ ನಿಲ್ಲಬೇಕಾಗಿದ್ದ ವರ್ಷಗಳಲ್ಲಿ ಕೈಹಿಡಿದವರಲ್ಲಿ ನಮ್ಮ ಊರಿನವರೂ ಇದ್ದರು.

ಈಗ ಮೂವರ ಕಡೆ ಬರೋಣ.

ಹರ್ಬರ್ಟ್ ಫಾನ್ ಕರಾಯಾನ್ ಫಿಲ್‌ಹಾರ್ಮೋನಿಯಾ ಜೊತೆ ಮೊದಲನೆಯ ಸಿಂಫನಿಯನ್ನು 1952ರಲ್ಲಿ, ಎರಡು ಮತ್ತು ನಾಲ್ಕನೆಯದನ್ನು 1955ರಲ್ಲಿ ಸ್ಟುಡಿಯೋದಲ್ಲಿ ಮುದ್ರಿಸಿದ. 1952ರಲ್ಲೇ ಆರ್ಟುರೊ ಟೊಸ್ಕನೀನಿ, ಆಗ 85 ವರ್ಷದ ಮುದುಕ, ಲಂಡನ್ನಿಗೆ ಬಂದು ಸೆಪ್ಟೆಂಬರ್ 29 ಮತ್ತು ಅಕ್ಟೋಬರ್ 1ರಂದು ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಎರಡೇ ಕಛೇರಿಗಳಲ್ಲಿ ನಾಲ್ಕೂ ಸಿಂಫನಿ ನುಡಿಸಿದ. ಆಟೋ ಕ್ಲೆಂಪರರ್ 1956-57ರ ಹೊತ್ತಿಗೆ ನಾಲ್ಕನ್ನೂ ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ ಸ್ಟೀರಿಯೋದಲ್ಲಿ ಮುದ್ರಿಸಿದ.

ಮೂವರ ಮೊದಲ ಸಿಂಫನಿಯ ಮೊದಲ ಎರಡೇ ನಿಮಿಷ ಕೇಳಿ. ಅಲ್ಲಿ ನಡೆಯುವುದು ಇಷ್ಟು: ಟಿಂಪನಿ ಒಂದೇ ಸ್ವರವನ್ನು ಬಿಡದೆ ಬಡಿಯುತ್ತದೆ. ಅದರ ಮೇಲೆ ಪಿಟೀಲುಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತುತ್ತವೆ, ಅದೇ ಹೊತ್ತಿಗೆ ಊದುವ ವಾದ್ಯಗಳು ಕೆಳಗೆ ಇಳಿಯುತ್ತವೆ. ಮೂರು ಪದರ, ಮೂರು ದಿಕ್ಕು.

ಕರಾಯಾನ್‌ನಲ್ಲಿ ನಿಮ್ಮ ಕಿವಿ ಹೋಗೋದು ಪಿಟೀಲಿನ ಕಡೆ. ಸ್ವರದಿಂದ ಸ್ವರಕ್ಕೆ ಬಿರುಕಿಲ್ಲದೆ ಜಾರುವ, ಅಗಲವಾದ, ನುಣುಪಾದ ನಾದ. ಟೊಸ್ಕನೀನಿಯಲ್ಲಿ ಮುಂದಕ್ಕೆ ತಳ್ಳುವ ಬಲ ಹೆಚ್ಚು. ಭಾರವಿದ್ದರೂ ಎಲ್ಲೂ ನಿಂತು ನೋಡೋದಿಲ್ಲ, ರಾಗದ ಎಳೆ ಹಾಡಿದಂತೆ ಹರಿಯುತ್ತದೆ. ಕ್ಲೆಂಪರರ್ ಬಗ್ಗೆ ‘ನಿಧಾನದ ಮನುಷ್ಯ’ ಅನ್ನೋ ಮಾತಿದೆ. ಅದನ್ನು ನಂಬಿ ಕೇಳಿದರೆ ಇಲ್ಲಿ ಆಶ್ಚರ್ಯವಾಗುತ್ತೆ. ಈ ಆರಂಭವನ್ನು ಅವನು ಎಳೆಯೋದೇ ಇಲ್ಲ. ಟಿಂಪನಿ ಗಡಿಯಾರದಂತೆ ಸಮನಾಗಿ ಬಡಿಯುತ್ತೆ, ಊದುವ ವಾದ್ಯಗಳು ಪಿಟೀಲಿನ ಹಿಂದೆ ಅಡಗದೆ ಎದುರಿಗೇ ನಿಲ್ಲುತ್ತವೆ. ಎರಡು ಪಿಟೀಲು ಗುಂಪುಗಳನ್ನು ಅವನು ಎಡ-ಬಲ ಕೂರಿಸುತ್ತಿದ್ದ. ಇಯರ್‌ಫೋನ್ ಹಾಕಿ ಕೇಳಿದರೆ ಒಂದು ಗುಂಪು ಕೇಳಿದ ಪ್ರಶ್ನೆಗೆ ಇನ್ನೊಂದು ಕಿವಿಯಿಂದ ಉತ್ತರ ಬರೋದು ಗೊತ್ತಾಗುತ್ತದೆ.

ಇದು ಶುದ್ಧ ಪ್ರಯೋಗ ಅಲ್ಲ ಅನ್ನೋದನ್ನೂ ಒಪ್ಪಿಕೊಳ್ಳೋಣ. ಟೊಸ್ಕನೀನಿಯದು ಜನ ತುಂಬಿದ ಹಾಲ್‌ನ ಲೈವ್ ಮುದ್ರಣ, ಕೆಮ್ಮು ಸಮೇತ. ಉಳಿದೆರಡು ತಪ್ಪಾದರೆ ಮತ್ತೆ ನುಡಿಸಬಹುದಾದ ಸ್ಟುಡಿಯೋ ಮುದ್ರಣ. ಎರಡು ಮೋನೋ, ಒಂದು ಸ್ಟೀರಿಯೋ. ಆದರೂ ನುಡಿಸಿದ್ದು ಒಂದೇ ಆರ್ಕೆಸ್ಟ್ರಾ ಅಂತ ನೆನಪಿಟ್ಟುಕೊಂಡು ಕೇಳಿದಾಗ, ಬಾಯಲ್ಲಿ ಊದದ, ಕೈಯಲ್ಲಿ ಮೀಟದ ಒಬ್ಬ ಮನುಷ್ಯ ಎಷ್ಟು ಬದಲಾಯಿಸಬಲ್ಲ ಅನ್ನೋದು ತಿಳಿಯುತ್ತದೆ.

ಇನ್ನೊಂದು ವಿಷಯ. ಟೊಸ್ಕನೀನಿ ಇಟಲಿಯ ಫ್ಯಾಸಿಸ್ಟರನ್ನು ಎದುರು ಹಾಕಿಕೊಂಡವನು. ಹಿಟ್ಲರ್ ಬಂದ ಮೇಲೆ ಜರ್ಮನಿಯ ಬೈರಾಯ್ಟ್ ಉತ್ಸವಕ್ಕೆ ಬರೋದಿಲ್ಲ ಅಂದವನು. ಕ್ಲೆಂಪರರ್ ಯಹೂದಿ ಮನೆತನದವನು, 1933ರಲ್ಲಿ ಜರ್ಮನಿ ಬಿಟ್ಟು ಹೋಗಬೇಕಾಯಿತು. ಕರಾಯಾನ್ ನಾತ್ಸಿ ಪಕ್ಷದ ಸದಸ್ಯನಾಗಿದ್ದವನು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಅದೇ ಲಂಡನ್ನಿನ ವಾದಕರು, ಅದೇ ಕುರ್ಚಿಗಳಲ್ಲಿ ಕೂತು, ಈ ಮೂವರ ಕೈ ನೋಡಿ ಅದೇ ಜರ್ಮನ್ ಸಂಗೀತ ನುಡಿಸಿದರು. ಯಾರ ಬದುಕು ಯಾವ ಕಡೆ ಇತ್ತು ಅಂತ ರೆಕಾರ್ಡಿಂಗ್ ಕೇಳಿ ಹೇಳೋಕೆ ಆಗೋದಿಲ್ಲ. ಒಳ್ಳೆಯ ನಾದ ಒಳ್ಳೆಯ ನಡತೆಗೆ ಸರ್ಟಿಫಿಕೇಟ್ ಅಲ್ಲ. ಇತಿಹಾಸವನ್ನು ಬೇರೆಯಾಗಿಯೇ ಓದಬೇಕು.

ಪ್ರಯೋಗ ಎರಡು: ಸ್ಟಾಪ್‌ವಾಚ್ ಹಿಡಿದು

ಈಗ ಅಳತೆಗೆ ಬರೋಣ. ನಾಲ್ಕನೆಯ ಸಿಂಫನಿಯ ಕೊನೆಯ ಭಾಗ ಎಂಜಿನಿಯರುಗಳಿಗಾಗಿಯೇ ಬರೆದಂತಿದೆ. ಇದು ಪಾಸ್ಸಕಾಲಿಯಾ ಎಂಬ ಹಳೆಯ ಕಟ್ಟಡ ಕ್ರಮ: ಎಂಟು ಬಾರ್‌ನ ಒಂದು ಥೀಮ್, ಅದೇ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲ ಅದರ ಮೇಲೆ ಹೊಸದೊಂದು ಏಳುತ್ತದೆ. ಬಾರ್ ಅಂದರೆ ನಮ್ಮ ತಾಳದ ಒಂದು ಆವರ್ತನೆಯ ಹಾಗೆ. ಬಾಖ್‌ನ 150ನೆಯ ಕಂಟಾಟಾದಿಂದ ತೆಗೆದುಕೊಂಡ ಎಳೆಗೆ ಬ್ರಾಮ್ಸ್ ಒಂದು ಸ್ವರ ಸೇರಿಸಿದ. ಬಾರ್‌ಗೆ ಒಂದರಂತೆ ಎಂಟು ಸ್ವರ. ಅದರ ಮೇಲೆ 30 ವೇರಿಯೇಷನ್, ಕೊನೆಗೆ ಒಂದು ವೇಗದ ಮುಕ್ತಾಯ. ಮೊದಲ ಮೂರು ಭಾಗಗಳಲ್ಲಿ ಸುಮ್ಮನೆ ಕೂತಿದ್ದ ಟ್ರೊಂಬೋನುಗಳು ಬಾಯಿ ತೆರೆಯೋದು ಇಲ್ಲೇ.

ಆರಂಭದಲ್ಲಿ ಬಾರ್‌ಗೆ ಮೂರು ಬೀಟ್. ಥೀಮ್ ಮತ್ತು 11 ವೇರಿಯೇಷನ್ ಸೇರಿದರೆ 12 ಗುಂಪು, ಗುಂಪಿಗೆ 8 ಬಾರ್, ಒಟ್ಟು 96 ಬಾರ್, 288 ಬೀಟ್. ಆಮೇಲೆ 12ನೆಯ ವೇರಿಯೇಷನ್‌ನಲ್ಲಿ ಎಲ್ಲ ಗದ್ದಲ ಅಡಗಿ ಒಂದೇ ಒಂದು ಕೊಳಲು ಒಂಟಿಯಾಗಿ ಹಾಡುತ್ತದೆ. ತಪ್ಪಿಸಿಕೊಳ್ಳೋಕೆ ಸಾಧ್ಯವೇ ಇಲ್ಲದ ಜಾಗ. ಅಲ್ಲಿಂದ ಬಾರ್‌ನ ಉದ್ದ ದುಪ್ಪಟ್ಟಾಗುತ್ತದೆ, ಬಾರ್‌ಗೆ ಆರು ಬೀಟ್. 12ರಿಂದ 15ರವರೆಗೆ ನಾಲ್ಕು ವೇರಿಯೇಷನ್, 32 ಬಾರ್, 192 ಬೀಟ್. ಕೊಳಲು, ಆಮೇಲೆ ಇತರ ಊದುವ ವಾದ್ಯಗಳು, ಆಮೇಲೆ ಟ್ರೊಂಬೋನುಗಳ ಮೆಲುದನಿಯ ಪ್ರಾರ್ಥನೆ. ಅದು ಅಡಗಿ, ಥೀಮ್ ಮತ್ತೆ ಜೋರಾಗಿ ಅಪ್ಪಳಿಸಿದರೆ 16ನೆಯದು ಶುರು ಅಂತ ಅರ್ಥ.

ಈಗ ಸ್ಟಾಪ್‌ವಾಚ್. ಮೊದಲ ಸ್ವರದಿಂದ ಕೊಳಲು ಬರುವವರೆಗಿನ ಸಮಯ ಟಿ1 ಅನ್ನಿ. ಕೊಳಲಿನಿಂದ ಥೀಮ್ ಅಪ್ಪಳಿಸುವವರೆಗಿನ ಸಮಯ ಟಿ2. 17280ನ್ನು ಟಿ1ರ ಸೆಕೆಂಡುಗಳಿಂದ ಭಾಗಿಸಿದರೆ ನಿಮಿಷಕ್ಕೆ ಸರಾಸರಿ ಎಷ್ಟು ಬೀಟ್ ಅಂತ ಸಿಗುತ್ತದೆ. ಉದಾಹರಣೆಗೆ 180 ಸೆಕೆಂಡ್ ಆದರೆ 96. ಇನ್ನು ಬೀಟ್ ಬದಲಾಗದೆ ಹಾಗೇ ನಡೆದರೆ ಟಿ2 ಭಾಗಿಸು ಟಿ1 ಎಷ್ಟಿರಬೇಕು? 192 ಭಾಗಿಸು 288, ಅಂದರೆ 0.67. ಕಂಡಕ್ಟರ್ ಯಾರೇ ಆಗಲಿ, ಒಟ್ಟು ವೇಗ ಎಷ್ಟೇ ಇರಲಿ, ಈ ಅನುಪಾತ ಅದೇ ಆಗಿರಬೇಕು.

ನೀವೇ ಅಳೆದು ನೋಡಿ. ಹೆಚ್ಚಿನ ರೆಕಾರ್ಡಿಂಗುಗಳಲ್ಲಿ 0.67ಕ್ಕಿಂತ ದೊಡ್ಡ ಸಂಖ್ಯೆ ಬರುತ್ತದೆ. ಅಂದರೆ ಕೊಳಲು ಬಂದ ತಕ್ಷಣ ಕಂಡಕ್ಟರ್ ಬೀಟನ್ನೇ ಎಳೆದಿದ್ದಾರೆ. ಸ್ಕೋರಿನಲ್ಲಿ ಇಲ್ಲಿ ‘ಇನ್ನೂ ನಿಧಾನ’ ಅನ್ನೋ ಸೂಚನೆ ಇಲ್ಲ. ಬಾರ್ ದುಪ್ಪಟ್ಟಾದದ್ದರಿಂದಲೇ ನಿಧಾನದ ಅನುಭವ ಬರಲಿ ಅಂತ ಬ್ರಾಮ್ಸ್ ಲೆಕ್ಕ ಹಾಕಿದಂತಿದೆ. ಹಾಗಾದರೆ ಎಳೆದವರು ತಪ್ಪಾ? ಕೇಳಿದ ಮೇಲೆ ಹೇಳಿ. ಒಂಟಿ ಕೊಳಲಿಗೆ ಉಸಿರಾಡೋಕೆ ಜಾಗ ಬೇಕು ಅಂತ ಒಬ್ಬರಿಗೆ ಅನ್ನಿಸಬಹುದು. ಕಟ್ಟಡದ ಗೋಡೆ ಇಲ್ಲಿ ಸಡಿಲವಾಯಿತು ಅಂತ ಇನ್ನೊಬ್ಬರಿಗೆ ಅನ್ನಿಸಬಹುದು. ಎರಡಕ್ಕೂ ಕಾರಣ ಕೊಡಬಹುದು. ಆದರೆ ಅಳೆದ ಮೇಲೆ ನೀವು ‘ಏನೋ ಚೆನ್ನಾಗಿದೆ’ ಅನ್ನುವ ಹಂತ ದಾಟಿರುತ್ತೀರಿ. ಯಾವ ಬಾರ್‌ನಲ್ಲಿ, ಯಾವ ನಿರ್ಧಾರದಿಂದ ಅಂತ ಹೇಳಬಲ್ಲಿರಿ.

ಈ ಅಳತೆಗೆ ಎರಡು ರೆಕಾರ್ಡಿಂಗ್ ಆರಿಸಿಕೊಳ್ಳಿ. ಒಂದು, ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆ 1943ರ ಡಿಸೆಂಬರ್‌ನಲ್ಲಿ ನುಡಿಸಿದ ಕಛೇರಿ. ಇನ್ನೊಂದು, ಕಾರ್ಲೋಸ್ ಕ್ಲೈಬರ್ ವಿಯೆನ್ನಾ ಫಿಲ್‌ಹಾರ್ಮೋನಿಕ್ ಜೊತೆ 1980ರಲ್ಲಿ ಮಾಡಿದ್ದು, ಡಿಜಿಟಲ್ ಧ್ವನಿಮುದ್ರಣದ ಮೊದಲ ವರ್ಷಗಳದ್ದು. ಕ್ಲೈಬರ್‌ನಲ್ಲಿ ಬಿಲ್ಲಿನ ಹಗ್ಗದಂಥ ಬಿಗಿ. ವೇರಿಯೇಷನ್ನಿಂದ ವೇರಿಯೇಷನ್‌ಗೆ ದಾಟುವಾಗ ಜೋಡಣೆಯ ಗುರುತೇ ಕಾಣದು. ಫುರ್ಟ್‌ವೆಂಗ್ಲರ್‌ನಲ್ಲಿ ಬೀಟ್ ಒಂದೇ ಕಡೆ ನಿಲ್ಲೋದೇ ಇಲ್ಲ. ಕೊಳಲಿನ ಹತ್ತಿರ ಕಾಲ ನಿಂತೇ ಹೋಯಿತು ಅನ್ನಿಸಿ, ಕೊನೆಯಲ್ಲಿ ಬ್ರೇಕ್ ಕಳಚಿದ ಲಾರಿಯಂತೆ ಇಳಿಜಾರಿಗೆ ನುಗ್ಗುತ್ತದೆ.

ಆ 1943ರ ಮುದ್ರಣ ಟೇಪ್ ಯಂತ್ರದಲ್ಲಿ ಆದದ್ದು. ಆಗ ಟೇಪ್ ತಂತ್ರಜ್ಞಾನದಲ್ಲಿ ಜರ್ಮನಿ ಉಳಿದವರಿಗಿಂತ ಮುಂದಿತ್ತು. ಕಛೇರಿ ನಡೆದ ಹಳೆಯ ಫಿಲ್‌ಹಾರ್ಮೋನಿ ಸಭಾಂಗಣ ಮರುತಿಂಗಳೇ, 1944ರ ಜನವರಿಯಲ್ಲಿ, ಬಾಂಬ್ ದಾಳಿಯಲ್ಲಿ ನೆಲಸಮವಾಯಿತು. ಇದು ಗೊತ್ತಿದ್ದು ಕೇಳಿದರೆ ಆ ನುಗ್ಗಾಟದಲ್ಲಿ ಯುದ್ಧವೇ ಕೇಳಿಸುತ್ತೆ ಅನ್ನಿಸೋದು ಸಹಜ. ಆದರೆ ಒಂದು ಹೆಜ್ಜೆ ಹಿಂದೆ ಸರಿಯೋಣ: ಯುದ್ಧ ಮುಗಿದ ಮೇಲೆ 1948ರಲ್ಲಿ ಅವನು ನುಡಿಸಿದ ನಾಲ್ಕನೆಯ ಸಿಂಫನಿಯಲ್ಲೂ ಕೊನೆ ಹೀಗೇ ನುಗ್ಗುತ್ತದೆ. ಎರಡು ವಿಷಯ ಒಟ್ಟಿಗೆ ನಡೆದವು ಅಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ, ಸಂಗೀತದಲ್ಲೂ.

ಎಷ್ಟು ಜನ ಕೂತರೆ ಬ್ರಾಮ್ಸ್?

ನಾಲ್ಕನೆಯ ಸಿಂಫನಿ ಮೊದಲು ಕೇಳಿಸಿದ ಮೈನಿಂಗನ್ ಆಸ್ಥಾನದ ಆರ್ಕೆಸ್ಟ್ರಾದಲ್ಲಿ ಇದ್ದದ್ದು ಐವತ್ತಕ್ಕೂ ಒಳಗೆ ಜನ. ಹಾನ್ಸ್ ಫಾನ್ ಬ್ಯೂಲೊ ಅವರನ್ನು ಅಭ್ಯಾಸದಿಂದ ಹರಿತಗೊಳಿಸಿದ್ದ. ಮೊದಲನೆಯ ಸಿಂಫನಿಯ ಕಾರ್ಲ್ಸ್‌ರೂಹೆಯದೂ ಸಣ್ಣ ತಂಡವೇ. ಇಪ್ಪತ್ತನೆಯ ಶತಮಾನದ ಸಿಂಫನಿ ಆರ್ಕೆಸ್ಟ್ರಾಗಳಲ್ಲಿ ಅದರ ಸುಮಾರು ಎರಡರಷ್ಟು ಜನ. ಪಿಟೀಲು ಹೆಚ್ಚಿದಷ್ಟೂ ನಾದ ತುಂಬುತ್ತದೆ, ಆದರೆ ಕ್ಲಾರಿನೆಟ್, ಬಸೂನುಗಳು ಅದರ ಕೆಳಗೆ ಮುಚ್ಚಿಹೋಗುತ್ತವೆ. ಬ್ರಾಮ್ಸ್‌ನ ವಾದ್ಯ ಸಂಯೋಜನೆ ಮಂಕು, ದಪ್ಪ ಅನ್ನೋ ಹಳೆಯ ದೂರಿಗೆ ಇದೂ ಒಂದು ಕಾರಣ ಇರಬಹುದು.

ಇದನ್ನು ಪರೀಕ್ಷಿಸಿದವನು ಚಾರ್ಲ್ಸ್ ಮೆಕೆರಸ್. 1997ರಲ್ಲಿ ಸ್ಕಾಟಿಷ್ ಚೇಂಬರ್ ಆರ್ಕೆಸ್ಟ್ರಾ ಜೊತೆ, ಮೈನಿಂಗನ್ ಅಳತೆಯ ತಂಡ ಇಟ್ಟುಕೊಂಡು ನಾಲ್ಕನ್ನೂ ಮುದ್ರಿಸಿದ. 2007-08ರಲ್ಲಿ ಜಾನ್ ಎಲಿಯಟ್ ಗಾರ್ಡಿನರ್ ತನ್ನ ತಂಡದೊಂದಿಗೆ ಆ ಕಾಲದ ಮಾದರಿಯ ವಾದ್ಯಗಳಲ್ಲೇ ಕಛೇರಿ ಮಾಡಿ ಮುದ್ರಿಸಿದ. ಕ್ಲೆಂಪರರ್ ಕೇಳಿದ ಮೇಲೆ ಮೆಕೆರಸ್ ಕೇಳಿದರೆ ಕಲ್ಲಿನ ಕಟ್ಟಡದ ಜಾಗದಲ್ಲಿ ಮರದ ಮನೆ ಕಂಡಂತಾಗುತ್ತದೆ. ಬೆಳಕು ಜಾಸ್ತಿ, ಕಂಬ ಕಂಬವೂ ಬೇರೆ ಬೇರೆಯಾಗಿ ಕಾಣುತ್ತೆ.

ಹಾಗಾದರೆ ಸಣ್ಣದೇ ಸರಿಯಾ? ಹಾಗೂ ಹೇಳೋಕಾಗೋದಿಲ್ಲ. ಎರಡು ಮತ್ತು ಮೂರನೆಯ ಸಿಂಫನಿಗಳು ಹುಟ್ಟಿದ್ದು ವಿಯೆನ್ನಾ ಫಿಲ್‌ಹಾರ್ಮೋನಿಕ್ ಎಂಬ ದೊಡ್ಡ ತಂಡದ ಕೈಯಲ್ಲಿ. ಬ್ರಾಮ್ಸ್ ಎರಡೂ ಕಡೆ ತನ್ನ ಕೃತಿಗಳನ್ನು ಕೊಟ್ಟ.

ಬ್ರಾಮ್ಸ್‌ನನ್ನೇ ಕೇಳೋಣ ಅಂದರೆ? 1889ರಲ್ಲಿ ಎಡಿಸನ್ನನ ಫೋನೋಗ್ರಾಫ್ ವಿಯೆನ್ನಾಕ್ಕೆ ಬಂದಾಗ ಅವನು ಪಿಯಾನೋ ನುಡಿಸಿದ ಮೇಣದ ಸಿಲಿಂಡರ್ ಉಳಿದಿದೆ. ಗರಗರ ಸದ್ದಿನ ನಡುವೆ ಹಂಗೇರಿಯನ್ ನೃತ್ಯದ ತುಣುಕು ಕೇಳಿಸುತ್ತೆ, ಅಷ್ಟೇ. ಸಿಂಫನಿಗಳ ಮಟ್ಟಿಗೆ ಅವನಿಗೆ ಹತ್ತಿರದ ಎಳೆ ಫೆಲಿಕ್ಸ್ ವೈನ್‌ಗಾರ್ಟ್ನರ್. 1895ರಲ್ಲಿ ಅವನು ವಿಯೆನ್ನಾದಲ್ಲಿ ನುಡಿಸಿದ ಎರಡನೆಯ ಸಿಂಫನಿಯನ್ನು ಬ್ರಾಮ್ಸ್ ಕೇಳಿ ಮೆಚ್ಚಿದ್ದ. ಅದೇ ವೈನ್‌ಗಾರ್ಟ್ನರ್ 1938ರಿಂದ 1940ರ ನಡುವೆ ಲಂಡನ್ನಿನ ಎರಡು ಆರ್ಕೆಸ್ಟ್ರಾಗಳೊಂದಿಗೆ ನಾಲ್ಕನ್ನೂ ಮುದ್ರಿಸಿದ. ನೇರ, ಹಗುರ, ಆಡಂಬರವಿಲ್ಲದ ನಡಿಗೆ. ಆದರೆ ನಡುವೆ ನಲವತ್ತಕ್ಕೂ ಹೆಚ್ಚು ವರ್ಷ ಇದೆ. ಅಷ್ಟು ವರ್ಷದಲ್ಲಿ ಯಾರ ನಡಿಗೆ ತಾನೇ ಬದಲಾಗಿರೋದಿಲ್ಲ?

ಮೈಕೂ ಒಂದು ವಾದ್ಯ

ನಾವು ಕೇಳುತ್ತಿರೋದು ಆರ್ಕೆಸ್ಟ್ರಾವನ್ನಲ್ಲ, ಆರ್ಕೆಸ್ಟ್ರಾದ ಸಿಗ್ನಲ್ಲನ್ನು. ವೈನ್‌ಗಾರ್ಟ್ನರ್ ಕಾಲದ 78 ಆರ್‌ಪಿಎಂ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ನಾಲ್ಕು ನಿಮಿಷ ಚಿಲ್ಲರೆ. ಸಿಂಫನಿಯನ್ನು ತುಂಡು ತುಂಡಾಗಿ ನಿಲ್ಲಿಸಿ ನಿಲ್ಲಿಸಿ ನುಡಿಸಬೇಕಿತ್ತು. 1948ರಲ್ಲಿ ಎಲ್‌ಪಿ ಬಂದ ಮೇಲೆ ಒಂದು ಮುಖಕ್ಕೆ ಇಪ್ಪತ್ತು ನಿಮಿಷ ಸಿಕ್ಕಿತು. ಟೇಪ್ ಬಂದ ಮೇಲೆ ಬೇರೆ ಬೇರೆ ಟೇಕ್‌ಗಳನ್ನು ಕತ್ತರಿಸಿ ಅಂಟಿಸೋದು ಸುಲಭವಾಯಿತು. ಕಿಂಗ್ಸ್‌ವೇ ಹಾಲ್ ನಾದಕ್ಕೆ ಹೆಸರುವಾಸಿ, ಆದರೆ ಅದರ ಕೆಳಗೆ ಓಡುವ ಮೆಟ್ರೋ ರೈಲಿನ ಗುಡುಗುಡು ಅಲ್ಲಿನ ಹಲವು ಮುದ್ರಣಗಳಲ್ಲಿ ಸೇರಿಕೊಂಡಿದೆ.

ಹಾಗಾಗಿ ಹಳೆಯ ಮುದ್ರಣ ಕೇಳುವಾಗ ಮೊದಲ ಐದು ನಿಮಿಷ ಕಿವಿಗೆ ಬಿಟ್ಟುಬಿಡಿ. ಸದ್ದಿಗೆ ಒಗ್ಗಿಕೊಂಡ ಮೇಲೆ ಸಂಗೀತ ಕಾಣಿಸೋಕೆ ಶುರುವಾಗುತ್ತದೆ. ಬೇಸ್ ಕಡಿಮೆ ಇದೆ ಅಂದರೆ ಅದು ಕಂಡಕ್ಟರ್ ತಪ್ಪಾ, ಮೈಕಿನ ಮಿತಿಯಾ ಅಂತ ಕೇಳಿಕೊಳ್ಳಿ.

ಒಂದು ವಾರದ ಅಸೈನ್‌ಮೆಂಟ್

ಮಾರ್ಕ್ಸ್ ಇಲ್ಲದ ಅಸೈನ್‌ಮೆಂಟ್. ಮೊದಲ ದಿನ ನಾಲ್ಕನೆಯ ಸಿಂಫನಿಯನ್ನು, ಯಾವುದಾದರೂ ಒಂದು ರೆಕಾರ್ಡಿಂಗ್‌ನಲ್ಲಿ, ಸುಮ್ಮನೆ ಪೂರ್ತಿ ಕೇಳಿ. ಏನನ್ನೂ ಅಳೆಯಬೇಡಿ. ಎರಡನೆಯ ದಿನ ಅದರ ಕೊನೆಯ ಭಾಗವನ್ನು ಮಾತ್ರ, ವೇರಿಯೇಷನ್ ಎಣಿಸುತ್ತಾ ಕೇಳಿ. ಎಣಿಕೆ ತಪ್ಪುತ್ತೆ, ಪರವಾಗಿಲ್ಲ, ಕೊಳಲಿನ ಹತ್ತಿರ ಮತ್ತೆ ಸೇರಿಕೊಳ್ಳಬಹುದು. ಮೂರನೆಯ ದಿನ ಫುರ್ಟ್‌ವೆಂಗ್ಲರ್, ನಾಲ್ಕನೆಯ ದಿನ ಕ್ಲೈಬರ್, ಸ್ಟಾಪ್‌ವಾಚ್ ಸಮೇತ. ಐದನೆಯ ದಿನ ಮೊದಲ ಸಿಂಫನಿಯ ಆರಂಭ, ಮೂವರು ಫಿಲ್‌ಹಾರ್ಮೋನಿಯಾ ಕಂಡಕ್ಟರುಗಳಲ್ಲಿ. ಆರನೆಯ ದಿನ ಅದನ್ನೇ ಮೆಕೆರಸ್‌ನಲ್ಲಿ. ಏಳನೆಯ ದಿನ ಮೂರನೆಯ ಸಿಂಫನಿ. ಅದರ ನಾಲ್ಕೂ ಭಾಗಗಳು ಮೆಲ್ಲಗೆ ಮುಗಿಯುತ್ತವೆ, ವಾರ ಮುಗಿಸೋಕೆ ಚೆನ್ನಾಗಿರುತ್ತದೆ.

ಕೆಲವು ಎಚ್ಚರಿಕೆಗಳು. ಆಪ್‌ನಲ್ಲಿ ಷಫಲ್ ತೆಗೆದುಬಿಡಿ, ಇಲ್ಲದಿದ್ದರೆ ಮೊದಲ ಭಾಗ ಆದಮೇಲೆ ಇನ್ಯಾವುದೋ ಬರುತ್ತೆ. ಪಕ್ಕದಲ್ಲಿ ತೋರಿಸುವ ವರ್ಷ ಎಷ್ಟೋ ಸಲ ಮರುಬಿಡುಗಡೆಯ ವರ್ಷ, ನುಡಿಸಿದ ವರ್ಷ ಅಲ್ಲ. ಕಂಡಕ್ಟರ್, ಆರ್ಕೆಸ್ಟ್ರಾ ಎರಡೂ ಹೆಸರು ನೋಡಿ, ಯಾಕೆಂದರೆ ಕರಾಯಾನ್ ಬರ್ಲಿನ್ ಫಿಲ್‌ಹಾರ್ಮೋನಿಕ್ ಜೊತೆಗೂ ಈ ಸಿಂಫನಿಗಳನ್ನು ಒಂದಕ್ಕಿಂತ ಹೆಚ್ಚು ಸಲ ಮುದ್ರಿಸಿದ್ದಾನೆ. ಎರಡನ್ನು ಹೋಲಿಸುವಾಗ ವಾಲ್ಯೂಮ್ ಸಮ ಮಾಡಿಕೊಳ್ಳಿ, ಜೋರಾಗಿ ಕೇಳಿಸಿದ್ದೇ ಚೆನ್ನಾಗಿದೆ ಅನ್ನಿಸೋದು ಕಿವಿಯ ಹಳೇ ಚಾಳಿ. ಹಾಸ್ಟೆಲ್ ಫ್ಯಾನಿನ ಸದ್ದಿನಲ್ಲಿ ಮೆಲುದನಿ ಕಳೆದುಹೋಗುತ್ತದೆ ಅಂತ ವಾಲ್ಯೂಮ್ ಪೂರ್ತಿ ಏರಿಸಬೇಡಿ, ಮುಂದಿನ ಬಾರ್‌ನಲ್ಲಿ ಟ್ರಂಪೆಟ್ ಕಾದಿರುತ್ತದೆ.

ಪ್ರತಿ ರೆಕಾರ್ಡಿಂಗ್‌ಗೂ ಒಂದು ಸಾಲು ಬರೆದಿಡಿ: ‘ಇಲ್ಲಿ ಇವರು ಇದನ್ನು ಮಾಡಿದರು, ನನಗೆ ಹೀಗನ್ನಿಸಿತು.’ ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋ ಪದ ಬಳಸದೆ ಬರೆಯಿರಿ. ಹತ್ತು ಸಾಲು ಆಗುವ ಹೊತ್ತಿಗೆ ನಿಮಗೆ ಇಷ್ಟವಾದ ರೆಕಾರ್ಡಿಂಗ್ ಯಾವುದು ಅನ್ನೋದರ ಜೊತೆಗೆ ಅದು ಯಾಕೆ ಇಷ್ಟ ಅನ್ನೋದೂ ಗೊತ್ತಾಗಿರುತ್ತದೆ. ಪಟ್ಟಿ ಮಾಡಿದ ವಿಮರ್ಶಕರು ಕೊಡಲಾಗದ ಉತ್ತರ ಅದು. ಟಿ2 ಭಾಗಿಸು ಟಿ1ರಲ್ಲಿ 0.67ಕ್ಕೆ ತೀರಾ ಹತ್ತಿರ ಬಂದ ರೆಕಾರ್ಡಿಂಗ್ ಯಾರಿಗಾದರೂ ಸಿಕ್ಕರೆ ಸಂಘಕ್ಕೆ ಬರೆದು ಕಳಿಸಿ. ಎಲ್ಲರ ರೀಡಿಂಗುಗಳನ್ನೂ ಸೇರಿಸಿ ಮುಂದಿನ ಸಂಚಿಕೆಯಲ್ಲಿ ಟೇಬಲ್ ಹಾಕೋಣ.